ಅಮ್ಮನ ಕಣ್ಣು ಮಂಜಾದರೆ ಮನೆಗೆ ಗೊತ್ತೇ ಆಗೋದಿಲ್ಲ

ಅಪ್ಪನ ಕಣ್ಣಿಗೆ ಪೊರೆ ಬಂದರೆ ಮನೆಗೆಲ್ಲ ಬೇಗ ಗೊತ್ತಾಗುತ್ತದೆ. ಪೇಪರ್ ಓದೋಕಾಗ್ತಿಲ್ಲ ಅನ್ನುತ್ತಾರೆ, ಕತ್ತಲಾದ ಮೇಲೆ ಸ್ಕೂಟರ್ ತೆಗೆಯಲು ಹೆದರುತ್ತಾರೆ. ಸರಿ, ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇವೆ. ಅಮ್ಮನಿಗೆ ಬಂದರೆ? ಅಡುಗೆ ಹೊತ್ತಿಗೆ ಸರಿಯಾಗಿ ಆಗುತ್ತಲೇ ಇರುತ್ತದೆ. ಹಾಗಾಗಿ ಯಾರೂ ಕೇಳೋದಿಲ್ಲ.

ನಮ್ಮ ದೊಡ್ಡಮ್ಮ ಅಕ್ಕಿ ಆರಿಸುವುದನ್ನು ಒಮ್ಮೆ ಪಕ್ಕದಲ್ಲೇ ಕೂತು ನೋಡಿದೆ. ಮೊರ ತೊಡೆಯ ಮೇಲೆ, ಮುಖ ಬಾಗಿಲ ಕಡೆ. ಬೆರಳು ಮಾತ್ರ ಅಕ್ಕಿಯಲ್ಲಿ ಓಡಾಡುತ್ತಿತ್ತು. ಕಲ್ಲು ಬೆರಳಿಗೆ ತಾಗಿದರೆ ಎತ್ತಿ ಎಸೆಯುತ್ತಿದ್ದರು. ಜೀರಿಗೆ, ಸೋಂಪು ಯಾವುದು ಅಂತ ಮೂಸಿ ಹೇಳುತ್ತಿದ್ದರು. ಹಾಲು ಉಕ್ಕುವುದು ಸದ್ದಿನಲ್ಲೇ ತಿಳಿಯುತ್ತಿತ್ತು. ಕಣ್ಣು ತೋರಿಸೋಣ ಅಂದರೆ, "ಬಿಡು ಮಗ, ಈ ವಯಸ್ಸಲ್ಲಿ ಇನ್ನೇನು ನೋಡೋದಿದೆ" ಅಂದರು. ಪರೀಕ್ಷೆ ಮಾಡಿಸಿದಾಗ ಒಂದು ಕಣ್ಣಿಗೆ ಎದುರಿಗೆ ಹಿಡಿದ ಬೆರಳು ಎಷ್ಟು ಅಂತಲೂ ಕಾಣುತ್ತಿರಲಿಲ್ಲ.

ವಯಸ್ಸಾದಂತೆ ಕಣ್ಣೊಳಗಿನ ಮಸೂರದ, ಅಂದರೆ ಲೆನ್ಸಿನ, ಪ್ರೋಟೀನು ಗಂಟುಗಟ್ಟಿ ಮಬ್ಬಾಗುತ್ತದೆ. ಪೊರೆ ಅಂದರೆ ಇದೇ. ಇದು ಗಂಡು ಹೆಣ್ಣು ಇಬ್ಬರಿಗೂ ಬರುವಂಥದ್ದೇ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ 50 ದಾಟಿದವರ ಅಂಧತ್ವಕ್ಕೆ ಸುಮಾರು ಮೂರನೇ ಎರಡು ಪಾಲು ಕಾರಣ ಪೊರೆ. ಐವತ್ತರ ಹರೆಯದಲ್ಲಿ ಕಣ್ಣು ಕಾಣದವರು ಶೇ 1ಕ್ಕಿಂತ ಕಡಿಮೆ. 80 ದಾಟಿದವರಲ್ಲಿ ಶೇ 11ಕ್ಕಿಂತ ಜಾಸ್ತಿ. ಅದೇ ಸಮೀಕ್ಷೆಯಲ್ಲಿ ಗಂಡಸರಿಗಿಂತ ಹೆಂಗಸರಲ್ಲೇ ಅಂಧತ್ವ ಹೆಚ್ಚು.

ಹೆಂಗಸರು ಹೆಚ್ಚು ವರ್ಷ ಬದುಕುತ್ತಾರೆ, ಮುಟ್ಟು ನಿಂತ ಮೇಲೆ ಹಾರ್ಮೋನು ಕಡಿಮೆಯಾಗುತ್ತದೆ, ಸೌದೆ ಒಲೆಯ ಹೊಗೆ ಬೇರೆ. ಇವೆಲ್ಲ ಕಾರಣ ಇರಬಹುದು. ಆದರೆ ನನಗೆ ಸಿಟ್ಟು ಬರೋದು ಇದಕ್ಕಲ್ಲ. ಪೊರೆ ತೆಗೆದು ಲೆನ್ಸ್ ಹಾಕೋದು ಸಾಮಾನ್ಯವಾಗಿ ಅರ್ಧ ಗಂಟೆಯೊಳಗಿನ ಕೆಲಸ. ಸರ್ಕಾರಿ ಆಸ್ಪತ್ರೆಯಲ್ಲಿ, ಶಿಬಿರಗಳಲ್ಲಿ ಉಚಿತವಾಗಿಯೂ ಮಾಡುತ್ತಾರೆ. ಬಿಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಊರೂರಿಗೆ ಹೋಗಿ ಶಿಬಿರ ಹಾಕಿ ಸಾವಿರಾರು ಜನರ ಪೊರೆ ತೆಗೆದ ನಾಡು ಇದು. ಶಕ್ತಿ ಯೋಜನೆ ಬಂದ 2023ರಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡೂ ಬೇಡ. ಆದರೆ ಕಣ್ಣು ಕಾಣದ ಅಜ್ಜಿ ಒಬ್ಬರೇ ಬಸ್ ಹತ್ತೋಕಾಗುತ್ತಾ? ಜೊತೆಗೆ ಹೋಗುವವರು ಬೇಕಲ್ವಾ? ಅಲ್ಲೇ ಎಲ್ಲ ನಿಂತುಹೋಗುತ್ತದೆ. ಮಗನಿಗೆ ರಜೆ ಇಲ್ಲ, ಸುಗ್ಗಿ ಮುಗೀಲಿ, ಮೊಮ್ಮಗಳ ಮದುವೆ ಆಗಲಿ.

ಪೊರೆ ಬಲಿಯಲಿ ಅಂತ ಕಾಯುವವರೂ ಇನ್ನೂ ಇದ್ದಾರೆ. ಇವತ್ತು ಹಾಗೆ ಕಾಯಬೇಕಾಗಿಲ್ಲ. ತೀರಾ ಬಲಿತರೆ ಆಪರೇಷನ್ನೇ ಕಷ್ಟ, ಕಣ್ಣೊಳಗಿನ ಒತ್ತಡವೂ ಏರಬಹುದು. ಇನ್ನೊಂದು ವಿಷಯ. ಕೆಲವರಿಗೆ ಪೊರೆ ಶುರುವಾದಾಗ ಕನ್ನಡಕ ಇಲ್ಲದೆಯೇ ಹತ್ತಿರದ ಅಕ್ಷರ ಕಾಣತೊಡಗುತ್ತದೆ. ಅಜ್ಜಿಯ ಕಣ್ಣು ಸರಿಹೋಯಿತು ಅಂತ ಮನೆಯವರು ಸುಮ್ಮನಾಗಿಬಿಡುತ್ತಾರೆ.

ದಯವಿಟ್ಟು ಅಮ್ಮನೋ ಅಜ್ಜಿಯೋ ತಾವಾಗೇ ಹೇಳಲಿ ಅಂತ ಕಾಯಬೇಡಿ. ಒಂದೊಂದೇ ಕಣ್ಣು ಮುಚ್ಚಿಸಿ ಗೋಡೆಯ ಕ್ಯಾಲೆಂಡರ್ ತೋರಿಸಿ, ಇವತ್ತಿನ ತಾರೀಖು ಎಲ್ಲಿದೆ ಅಂತ ಕೇಳಿ. ತಡವರಿಸಿದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಆಪರೇಷನ್ ತಾರೀಖು ಗೊತ್ತಾದ ದಿನವೇ ಮನೆಯಲ್ಲಿ ಕೂತು ಮಾತಾಡಿ. ಕೆಲವು ವಾರ ಹೊತ್ತಿಗೆ ಸರಿಯಾಗಿ ಕಣ್ಣಿಗೆ ಡ್ರಾಪ್ಸ್ ಹಾಕೋದು ಯಾರು, ಅವರು ಹೊಗೆ ಮುಂದೆ ಕೂರದ ಹಾಗೆ ಅಡುಗೆ ಮಾಡೋದು ಯಾರು, ಇದನ್ನು ಮೊದಲೇ ತೀರ್ಮಾನ ಮಾಡಿ. ಇಲ್ಲದಿದ್ದರೆ "ಮುಂದಿನ ತಿಂಗಳು ನೋಡೋಣ" ಅಂತ ಅವರೇ ಮುಂದೂಡುತ್ತಾರೆ.