ಕಲ್ಲು ನೋಡೋಕೆ ಬಂದವರು

ಭಾನುವಾರ ಬೆಳಗ್ಗೆ ಹಳ್ಳಿಯ ಅರಳಿಕಟ್ಟೆ ಹತ್ತಿರ ಕಾರು ನಿಲ್ಲಿಸಿ, ಟೋಪಿ ಹಾಕಿಕೊಂಡ ಏಳೆಂಟು ಜನ ಇಳಿದರೆ ಊರಿನವರಿಗೆ ಬರುವ ಮೊದಲ ಅನುಮಾನ, ಇವರು ಸೈಟು ಮಾಡೋರು. ಎರಡನೆಯದು, ರಸ್ತೆ ಅಗಲ ಮಾಡೋಕೆ ಅಳತೆಗೆ ಬಂದ ಸರ್ಕಾರದವರು. ಅಲ್ಲಪ್ಪ, ಹಳೇ ಕಲ್ಲು ನೋಡೋಕೆ ಬಂದಿದ್ದೀವಿ ಅಂದಿರೋ, ಕೆಟ್ಟಿತು. ನಿಧಿ ಕಳ್ಳರು ಅನ್ನುವುದು ಖಾತ್ರಿಯಾಗುತ್ತದೆ.

ನಿಧಿ ಗಿಧಿ ಏನೂ ಇಲ್ಲ. ನಮ್ಮದು ಬೆಂಗಳೂರಿನ ಸುತ್ತಮುತ್ತ ಶಾಸನ, ವೀರಗಲ್ಲು ಹುಡುಕಿಕೊಂಡು ತಿರುಗುವ ಒಂದು ಹವ್ಯಾಸಿ ಗುಂಪು. ಬ್ಯಾಂಕಿನಿಂದ ನಿವೃತ್ತರಾದವರು ಇದ್ದಾರೆ, ಸಾಫ್ಟ್‌ವೇರ್ ಹುಡುಗರಿದ್ದಾರೆ, ಮನೆಯಲ್ಲಿ ಕೂತು ಬೇಜಾರಾದವರೂ ಇದ್ದಾರೆ. ಹಳಗನ್ನಡ ಲಿಪಿ ಸರಾಗವಾಗಿ ಓದಬಲ್ಲವರು ಒಬ್ಬರೇ, ನಿವೃತ್ತ ಮೇಷ್ಟ್ರು. ಮಿಕ್ಕವರ ಕೆಲಸ ನೀರು ಹೊರೋದು, ಬ್ರಷ್ ಹಿಡಿಯೋದು, ಮೇಷ್ಟ್ರು ಓದುವಾಗ ಟಾರ್ಚ್ ಅಲ್ಲಾಡಿಸದೆ ನಿಲ್ಲೋದು. ಈ ಕೊನೆಯದರಲ್ಲಿ ನಾನು ಸುಮಾರಾಗಿ ಪಳಗಿದ್ದೇನೆ.

ನೆಲ ಅಗೆಯುವ ಮಾತೇ ಇಲ್ಲ. ಇಂಗ್ಲೆಂಡಿನಲ್ಲಿ ಹವ್ಯಾಸಿಗಳು ಕರಣೆ ಹಿಡಿದು ಗುಂಡಿಯೊಳಗೆ ಮಂಡಿಯೂರಿ ಕೂರುತ್ತಾರೆ. ನಮ್ಮಲ್ಲಿ ಉತ್ಖನನಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಅದು ನಮ್ಮಂಥವರಿಗೆ ಸಿಗುವಂಥದ್ದಲ್ಲ, ಸಿಗಲೂಬಾರದು. ನೆಲದ ಮೇಲೆ ಇರೋದನ್ನು ನೋಡಿ, ಫೋಟೋ ತೆಗೆದು, ಅಳತೆ ಬರೆದುಕೊಂಡು, ಇಲಾಖೆಗೂ ವಿದ್ವಾಂಸರಿಗೂ ತಿಳಿಸಿದರೆ ನಮ್ಮ ಕೆಲಸ ಮುಗಿಯಿತು. ಅಷ್ಟಕ್ಕೇ ಒಂದು ಜನ್ಮ ಸಾಲದು ಅನ್ನುವಷ್ಟು ಕಲ್ಲುಗಳಿವೆ.

"ಇದನ್ನೆಲ್ಲ ಓದಿದವರು ಮಾಡಬೇಕು, ನಾವ್ಯಾರು?" ಅಂತ ಯಾರಾದರೂ ಅಳುಕಿದರೆ ಮೇಷ್ಟ್ರು ಮಸ್ಕಿಯ ಕಥೆ ತೆಗೆಯುತ್ತಾರೆ. ರಾಯಚೂರು ಜಿಲ್ಲೆಯ ಮಸ್ಕಿ ಶಾಸನ 1915ರಲ್ಲಿ ಕಣ್ಣಿಗೆ ಬಿದ್ದದ್ದು ಬೀಡನ್ ಎಂಬ ಗಣಿ ಎಂಜಿನಿಯರಿಗೆ. ಆತ ಹೋಗಿದ್ದು ಚಿನ್ನದ ವಿಚಾರಕ್ಕೆ. ಸಿಕ್ಕಿದ್ದು ಅಶೋಕ. ಅಲ್ಲಿಯವರೆಗೆ ಬಂಡೆಗಳ ಮೇಲೆ ಬರೀ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತಿದ್ದ ದೊರೆ ಅಶೋಕನೇ ಅನ್ನುವುದು ಆ ಕಲ್ಲಿನಿಂದ ಗಟ್ಟಿಯಾಯಿತು. ಮೈಸೂರು ಸೀಮೆಯ ಶಾಸನಗಳನ್ನು ಕಲೆಹಾಕಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಕೂಡ ಮೊದಲಿಗೆ ಶಾಲಾ ಇಲಾಖೆಯವರೇ. ಬೆಂಗಳೂರಲ್ಲೇ 1837ರಲ್ಲಿ ಹುಟ್ಟಿದವರು. ಶಾಲೆ ತಪಾಸಣೆಗೆ ಊರೂರು ತಿರುಗುತ್ತ ಶಾಸನದ ಹುಚ್ಚು ಹಿಡಿಸಿಕೊಂಡರು. ಯಾವ ಇನ್‌ಸ್ಪೆಕ್ಟರು ಯಾವ ಕೆಲಸಕ್ಕೆ ಬಂದು ಯಾವ ಕೆಲಸ ಮಾಡಿ ಹೋದರೋ ನೋಡಿ.

ರೈಸ್ ಸಾಹೇಬರ ಶಾಸನ ಸಂಗ್ರಹ 'ಎಪಿಗ್ರಾಫಿಯಾ ಕರ್ನಾಟಿಕಾ'ದ 9ನೇ ಸಂಪುಟ, 1905ರಲ್ಲಿ ಅಚ್ಚಾದದ್ದು, ಬೆಂಗಳೂರು ಜಿಲ್ಲೆಯದು. ಅದರ ಪಿಡಿಎಫ್ ನಮ್ಮೆಲ್ಲರ ಫೋನಿನಲ್ಲೂ ಇದೆ. ಯಾವ ಊರು, ಯಾವ ಹೋಬಳಿ, ಕಲ್ಲು ಎಲ್ಲಿದೆ ಎಂದು ಅದರಲ್ಲಿ ಬರೆದಿದೆ. ಇಂಥ ಕೆರೆಯ ಹತ್ತಿರ, ಇಂಥ ಗುಡಿಯ ಮುಂದೆ, ಇಂಥವರ ಹೊಲದಲ್ಲಿ ಅಂತ. ಕೇಳೋಕೆ ಎಷ್ಟು ಸುಲಭ ಅಲ್ವಾ? ಆದರೆ ಬೆಂಗಳೂರಿನಲ್ಲಿ ಕೆರೆ ಅಂದರೆ ಒಂದೋ ಬಸ್ ನಿಲ್ದಾಣ, ಇಲ್ಲಾ ಸ್ಟೇಡಿಯಂ. ಹೊಲ ಅಂದರೆ ಹದಿನಾಲ್ಕು ಮಹಡಿ, ಗೇಟಿನಲ್ಲಿ ಸೆಕ್ಯೂರಿಟಿ. "ಒಳಗೆ ಯಾರ ಮನೆಗೆ ಸಾರ್?" ಅಂತ ಅವನು ಕೇಳಿದರೆ ಗಂಗರ ದೊರೆ ಶ್ರೀಪುರುಷನ ಕಾಲದವರನ್ನು ನೋಡಬೇಕು ಅಂತ ರಿಜಿಸ್ಟರಿನಲ್ಲಿ ಬರೆಯೋಕಾಗುತ್ತಾ?

ಹಾಗಾಗಿ ಪುಸ್ತಕಕ್ಕಿಂತ ಟೀ ಅಂಗಡಿಯೇ ಜಾಸ್ತಿ ಉಪಯೋಗ. ಶಾಸನ ಅಂತ ಕೇಳಬಾರದು, ಶಾಸಕರ ಮನೆ ದಾರಿ ತೋರಿಸುತ್ತಾರೆ. ಅಕ್ಷರ ಇರೋ ಕಲ್ಲು, ಕತ್ತಿ ಹಿಡಿದವನ ಕಲ್ಲು, ಸತಿ ಹೋದವಳ ಕಲ್ಲಾದರೆ ಮಾಸ್ತಮ್ಮ ಅಂತ ಕೇಳಬೇಕು. ಆಗ ಊರಿನ ಹಿರೀಕರೊಬ್ಬರು ಎದ್ದು, ಪಂಚೆ ಎತ್ತಿಕಟ್ಟಿ, ಮುಂದೆ ಮುಂದೆ ನಡೆಯುತ್ತಾರೆ. ಹತ್ತು ನಿಮಿಷದ ಹಿಂದೆ ನಮ್ಮನ್ನು ಕಳ್ಳರು ಅಂದುಕೊಂಡಿದ್ದವರೂ ಅವರೇ.

ಅವರು ಕರೆದುಕೊಂಡು ಹೋಗುವ ಜಾಗಗಳನ್ನು ನೋಡಬೇಕು. ಒಂದು ವೀರಗಲ್ಲು ದೇವರಾಗಿರುತ್ತದೆ. ಕೆಳಗಿನ ಸಾಲಿನಲ್ಲಿ ದನ ಬಿಡಿಸಿಕೊಳ್ಳೋಕೆ ಹೋಗಿ ಹೋರಾಡುತ್ತಿರುವವನು, ನಡುವಿನ ಸಾಲಿನಲ್ಲಿ ಅವನನ್ನು ಎತ್ತಿಕೊಂಡು ಹೋಗುತ್ತಿರುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತವನು. ಮೂರಕ್ಕೂ ಸೇರಿ ಹಳದಿ ಆಯಿಲ್ ಪೇಂಟ್ ಬಳಿದು, ಅಪ್ಸರೆಯರಿಗೆ ಕೆಂಪು ರವಿಕೆ ಹಾಕಿಸಿ, ಬೆಳ್ಳಿ ಕಣ್ಣು ಅಂಟಿಸಿರುತ್ತಾರೆ. ಇನ್ನೊಂದು ಕಲ್ಲು ಚರಂಡಿಗೆ ಚಪ್ಪಡಿ. ಮತ್ತೊಂದಕ್ಕೆ ಎಮ್ಮೆ ಕಟ್ಟಿರುತ್ತಾರೆ.

ನಮ್ಮಲ್ಲಿ ಹೊಸದಾಗಿ ಸೇರಿದವರು ಇದನ್ನು ನೋಡಿ ಲಬೋ ಲಬೋ ಅಂತ ಬಾಯಿ ಬಡಿದುಕೊಳ್ಳುತ್ತಾರೆ. ನನಗೂ ಪೇಂಟ್ ಕಂಡರೆ ಆಗಲ್ಲ. ಅಕ್ಷರದ ಸಂದಿಯೊಳಗೆ ಕೂತುಬಿಟ್ಟರೆ ಅದು ಜಪ್ಪಯ್ಯ ಅಂದರೂ ಬರೋದಿಲ್ಲ. ಆದರೂ ನನ್ನ ಎಣಿಕೆ ಬೇರೆ. ಕೆಲಸಕ್ಕೆ ಬಂದ ಕಲ್ಲು ಉಳಿಯಿತು, ಯಾತಕ್ಕೂ ಬೇಡವಾದ ಕಲ್ಲು ಹೋಯಿತು. ಎಮ್ಮೆ ಕಟ್ಟಿದ ಕಲ್ಲನ್ನು ಯಾರೂ ಕೀಳಲಿಲ್ಲ, ಕಿತ್ತರೆ ಎಮ್ಮೆ ಎಲ್ಲಿ ಕಟ್ಟೋದು? ಖಾಲಿ ಜಾಗದಲ್ಲಿ ಸುಮ್ನೆ ನಿಂತಿದ್ದ ಕಲ್ಲಿಗೆ ಜೆಸಿಬಿ ಬಂತು. ಸೂರ್ಯ ಚಂದ್ರರ ಗುರುತು ಕಂಡ ಕೂಡಲೇ ಕೆಳಗೆ ಚಿನ್ನ ಇದೆ ಅಂತ ಅಮಾವಾಸ್ಯೆ ರಾತ್ರಿ ಬಂದು ಒಡೆಯುವ ಪುಣ್ಯಾತ್ಮರಿಗೆ ಸಿಕ್ಕಿದ್ದೂ ಇಂಥ ದಿಕ್ಕಿಲ್ಲದ ಕಲ್ಲುಗಳೇ.

ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಆದದ್ದು ಇದೇ ತಾನೆ? ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಚಾವಣಿ ಕುಸಿದು ವಿಗ್ರಹ ಹಾಳಾದಾಗ, 1980ರ ದಶಕದಲ್ಲಿ, ಅದರ ಪೀಠದ ಕಲ್ಲಿನಲ್ಲಿ ಅಶೋಕನ ಬರಹ ಕಾಣಿಸಿತು. ವಿಗ್ರಹ ಕೂರಿಸೋಕೆ ಅಂತ ಯಾರೋ ಆ ಕಲ್ಲಿನ ನಡುವೆ ತೂತು ಕೊರೆದಿದ್ದರು. ಅಶೋಕನ ಕಲ್ಲಿಗೆ ತೂತು ಕೊರೆದವನನ್ನು ಬೈಯೋಣವೇ, ಕಾಳಿಯ ಕಾಲಡಿಗೆ ಇಟ್ಟು ಅಷ್ಟು ಕಾಲ ಕಾಪಾಡಿದ್ದಕ್ಕೆ ಕೈಮುಗಿಯೋಣವೇ? ನಾನಂತೂ ಬೈಕೊಂಡೇ ಕೈಮುಗಿಯುತ್ತೇನೆ.

ಹೆಬ್ಬಾಳದ ಕಿತ್ತಯ್ಯನ ಕಲ್ಲಿನದು ಸ್ವಲ್ಪ ಬೇರೆ ಅದೃಷ್ಟ. ಸುಮಾರು 750ನೇ ಇಸವಿಯದು, ಶ್ರೀಪುರುಷನ ಆಳ್ವಿಕೆಯ ಹೊತ್ತಿನದು. ಪೆರ್ಬೊಳಲ್ನಾಡಿನ, ಅಂದರೆ ಆಗಿನ ಹೆಬ್ಬಾಳ ಸೀಮೆಯ, ಕಿತ್ತಯ್ಯ ಕಾಳಗದಲ್ಲಿ ಮಡಿದದ್ದನ್ನು ಅದು ಹೇಳುತ್ತದೆ. 2018ರಲ್ಲಿ ಕಾಮಗಾರಿಯ ಮಣ್ಣಿನ ನಡುವೆ ಸಿಕ್ಕಿತು. ಅದು ಏನೆಂದು ಗುರುತಿಸುವವರು ಆ ಹೊತ್ತಿಗೆ ಇದ್ದರು, ಊರಿನವರು ಜೊತೆಗೆ ನಿಂತರು, ಮಂಟಪವೂ ಆಯಿತು. ಫ್ಲೈಓವರ್ ಮೇಲೆ ಬಂಪರ್‌ಗೆ ಬಂಪರ್ ತಾಗಿಸಿಕೊಂಡು ನಿಲ್ಲುವವರಿಗೆ ಹತ್ತಿರದಲ್ಲೇ ಸಾವಿರದಿನ್ನೂರು ವರ್ಷಕ್ಕಿಂತ ಹಳೆಯ ಹೆಬ್ಬಾಳದವನೊಬ್ಬ ಇದ್ದಾನೆ ಅಂತ ಗೊತ್ತಿದ್ದರೆ ಹೊತ್ತಾದರೂ ಹೋಗುತ್ತಿತ್ತು.

ದೇವನಹಳ್ಳಿ ಕಡೆಯ ಒಂದು ಊರಿನಲ್ಲಿ ಹೀಗೇ ಕೇಳಿಕೊಂಡು ಹೋದಾಗ ನಮ್ಮನ್ನು ಒಂದು ಮನೆಯ ಹಿತ್ತಲಿಗೆ ಕರೆದುಕೊಂಡು ಹೋದರು. ಅಜ್ಜಿಯೊಬ್ಬರು ಬಟ್ಟೆ ಒಗೆಯುತ್ತಿದ್ದರು. ಕಲ್ಲು ನುಣ್ಣಗೆ, ಸಾಬೂನಿನ ನೊರೆ ಮೆತ್ತಿಕೊಂಡು ಬಿಳಿಯಾಗಿತ್ತು. ಅಕ್ಷರ ಎಲ್ಲಿ?

"ಕೆಳಗದೆ ಕಣಪ್ಪ," ಅಂದರು. "ನಾನು ಮದ್ವೆಯಾಗಿ ಬಂದಾಗ ಮೇಲಿತ್ತು. ವಿದ್ಯೆ ಮೇಲೆ ಬಟ್ಟೆ ಒಗೀಬಾರ್ದು ಅಂತ ನಮ್ಮತ್ತೆ ಮಗುಚಿ ಹಾಕ್ಸಿದ್ರು."

ಮೇಷ್ಟ್ರು ಮುಖ ನೋಡಬೇಕಿತ್ತು. ಓದು ಬಾರದ ಒಬ್ಬ ಹೆಂಗಸು ಅಕ್ಷರಕ್ಕೆ ಕಾಲು ತಾಗಬಾರದು ಅಂತ ಮಾಡಿದ ಕೆಲಸ ಯಾವ ಇಲಾಖೆಯ ಬೇಲಿಗೂ ಕಮ್ಮಿಯಿರಲಿಲ್ಲ.

ಕಲ್ಲು ಎತ್ತಲು ಅಜ್ಜಿ ಒಪ್ಪಿದರು, ಒಂದು ಕರಾರಿನ ಮೇಲೆ. ಇದ್ದ ಹಾಗೇ ವಾಪಸ್ ಕೂರಿಸಬೇಕು, ನೀರು ನಿಲ್ಲಬಾರದು. ಪಕ್ಕದ ಮನೆಯ ಹುಡುಗರು ಹಾರೆ ತಂದರು. ಐಸಾ ಅಂತ ಮಗುಚಿದೆವು. ಅಡಿಯಲ್ಲಿ ಮಣ್ಣು ಗಟ್ಟಿಯಾಗಿ ಅಂಟಿತ್ತು. ತಂತಿ ಬ್ರಷ್ ಮುಟ್ಟಿಸುವ ಹಾಗಿಲ್ಲ. ನೀರು ಚಿಮುಕಿಸಿ, ನೆನೆಯಲು ಬಿಟ್ಟು, ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಬೇಕು. ಒಣಗಿದ ಮೇಲೆ ಒಂದು ಹಿಡಿ ಮೈದಾ ಹಿಟ್ಟನ್ನು ಅಂಗೈಯಲ್ಲಿ ಸವರಿದರೆ ಹಿಟ್ಟು ಸಂದಿಗಳಲ್ಲಿ ಕೂತು ಅಕ್ಷರ ಬೆಳ್ಳಗೆ ಏಳುತ್ತವೆ. ಆಮೇಲೆ ತೊಳೆದುಬಿಡಬೇಕು, ಇಲ್ಲದಿದ್ದರೆ ಇರುವೆ. ಹಿಂದಿನವರು ಒದ್ದೆ ಕಾಗದ ಒತ್ತಿ, ಮಸಿ ತಟ್ಟಿ ಪಡಿಯಚ್ಚು ತೆಗೆಯುತ್ತಿದ್ದರು, ಈಗಲೂ ಬಲ್ಲವರು ತೆಗೆಯುತ್ತಾರೆ. ನಮಗೆ ಅಷ್ಟು ಕೈ ಪಳಗಿಲ್ಲ. ಮೇಲೊಂದು ಗೋಣಿಚೀಲ ಹಿಡಿದು ನೆರಳು ಮಾಡಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟೆ. ಮೇಲಿನ ತುದಿಯಲ್ಲಿ ಸೂರ್ಯ, ಚಂದ್ರ. ಕೆಳಗೆ 'ಸ್ವಸ್ತಿ ಶ್ರೀ'.

ಮೇಷ್ಟ್ರು ಬೆರಳಿಟ್ಟು ಓದುತ್ತ ಹೋದರು. ನಡುವಿನ ಸಾಲುಗಳು ಸವೆದಿದ್ದವು. ಯಾರೋ ಯಾವುದೋ ದೇವರಿಗೆ ಗದ್ದೆ ಬಿಟ್ಟದ್ದು. ಕೊಟ್ಟವರ ಹೆಸರಿನ ಜಾಗದಲ್ಲೇ ಚಕ್ಕೆ ಎದ್ದುಹೋಗಿತ್ತು. ದಾನ ಮಾಡಿದವರ ಹೆಸರು ಹೋಗಿ ಶಾಪ ಮಾತ್ರ ಪೂರ್ತಿ ಉಳಿದಿತ್ತು: ಇದನ್ನು ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುವನು. ದಾನಶಾಸನಗಳಲ್ಲಿ ಇದು ಮಾಮೂಲು. ಇನ್ನು ಕೆಲವಲ್ಲಿ, ಕೊಟ್ಟ ಭೂಮಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಶ್ಲೋಕವೂ ಇರುತ್ತದೆ. ಈಗಿನ ಸೇಲ್ ಡೀಡಿನಲ್ಲಿ ಇಂಥದ್ದೊಂದು ಷರತ್ತು ಸೇರಿಸಿದರೆ ಬೆಂಗಳೂರಿನ ಎಷ್ಟೋ ಕೇಸು ಕೋರ್ಟಿಗೇ ಹೋಗುತ್ತಿರಲಿಲ್ಲ.

ಅಜ್ಜಿ ಸೆರಗಿನಲ್ಲಿ ಕೈ ಒರೆಸಿಕೊಂಡು ಬಗ್ಗಿ ಕೇಳಿದರು. "ಒಗೆದೋರಿಗೆ ಏನಾಯ್ತದೆ ಅಂತ ಬರ್ದವ್ರೆ?"

"ಒಗೆದವರ ಮಾತೇ ಬಂದಿಲ್ಲಮ್ಮ."

"ಹಂಗಾದ್ರೆ ಬುಡಿ."

ಇದನ್ನು ಗುಡಿಯ ಮುಂದೆ ನೆಡಿಸೋಣ ಅಂತ ಗುಂಪಿನ ಒಬ್ಬರು ಶುರು ಮಾಡಿದರು. ನಾನು ಬೇಡ ಅಂದೆ. ಗುಡಿಯ ಮುಂದೆ ನೆಟ್ಟರೆ ಮುಂದಿನ ಜೀರ್ಣೋದ್ಧಾರದಲ್ಲಿ ಗ್ರಾನೈಟ್ ಹಾಕಿಸುವಾಗ ಅದು ಎಲ್ಲಿ ಹೋಗುತ್ತದೋ ಬಲ್ಲವರಾರು? ಇಲ್ಲಿ ಅಜ್ಜಿ ಇದ್ದಾರೆ, ಸೊಸೆ ಇದ್ದಾಳೆ, ದಿನಾ ಬಟ್ಟೆ ಇದೆ. ಇಲಾಖೆಯವರು ಬಂದು ನೋಡಿ ಬೇರೆ ಹೇಳಿದರೆ ಆಗ ನೋಡೋಣ. ಮೇಷ್ಟ್ರೂ ನನ್ನ ಕಡೆಗೇ ಬಂದರು. ಫೋಟೋ ತೆಗೆದು, ಅಳತೆ ಬರೆದು, ಹಿಟ್ಟು ತೊಳೆದು, ಅಕ್ಷರ ಕೆಳಗೆ ಮಾಡಿ ಕೂರಿಸಿದೆವು.

ಅಜ್ಜಿ ಒಂದು ಬಿಂದಿಗೆ ನೀರು ಸುರಿದು ನೋಡಿದರು. ನೀರು ಮೋರಿ ಕಡೆ ಹೋಗದೆ ಕೊಟ್ಟಿಗೆ ಕಡೆ ತಿರುಗಿತು. ಹುಡುಗರು ಮತ್ತೆ ಹಾರೆ ಹಾಕಿದರು.