ಛೆಟ್ರಿಯ ವಿದೇಶದ ದಿನಗಳು ಒಂದೇ ಸಾಲಾ?

ಫುಟ್‌ಬಾಲ್ ಆಟಗಾರ ಸುನಿಲ್ ಛೆಟ್ರಿ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ ಸರ್. ಆದರೆ ವಿದೇಶದ ದಿನಗಳನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ಸರಿ ಅನ್ನಿಸಲಿಲ್ಲ. 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿ, 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಬಿ ತಂಡ. ಎರಡೂ ಕಡೆ ಆಡಲು ಸಿಕ್ಕಿದ್ದು ತೀರಾ ಕಡಿಮೆ. ಬೇರೆಯವರಾಗಿದ್ದರೆ ಅಲ್ಲಿಗೇ ಕುಗ್ಗಿಬಿಡುತ್ತಿದ್ದರು. ಇವರು 2013ರಲ್ಲಿ ಬೆಂಗಳೂರು ಎಫ್‌ಸಿ ಸೇರಿ ಮೊದಲ ಸೀಸನ್‌ನಲ್ಲೇ ಆಗ ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಆಗಿದ್ದ ಐ-ಲೀಗ್ ಗೆದ್ದರು!

2024ರ ಜೂನ್‌ನಲ್ಲಿ ಕುವೈತ್ ವಿರುದ್ಧ ಆಡಿ ಭಾರತ ತಂಡಕ್ಕೆ ವಿದಾಯ ಹೇಳಿದಾಗ ಲೆಕ್ಕ 151 ಪಂದ್ಯ, 94 ಗೋಲು. (ಮುಂದಿನ ವರ್ಷ ಮತ್ತೆ ಬಂದರು, ಅದು ಬೇರೆ ಮಾತು.) ಅವತ್ತು ಹುಬ್ಬಳ್ಳಿಯಲ್ಲಿ ನಾವು ನಾಲ್ಕು ಜನ ಗಿರಮಿಟ್ ತಿನ್ನುತ್ತಾ ಮೊಬೈಲ್‌ನಲ್ಲಿ ನೋಡಿದೆವು. ಒಂದೂ ಗೋಲು ಬರಲಿಲ್ಲ. ಪಕ್ಕದವರು ಇಣುಕಿ, 'ಎಷ್ಟು ವಿಕೆಟ್ ಹೋಗ್ಯಾವ?' ಅಂತ ಕೇಳಿದರು. ನೆಹರೂ ಮೈದಾನದಲ್ಲೂ ಬ್ಯಾಟ್ ಹಿಡಿದವರೇ ಜಾಸ್ತಿ ಅಲ್ವಾ.