ಹಸಿರು ಕಲ್ಲುಗಳ ಫೋಟೋ ಕಳಿಸುವವರಿಗೆ

ಪಿತ್ತಕೋಶದಲ್ಲಿ ಕಲ್ಲಿದೆ ಎಂದು ಒಬ್ಬರ ಕಿವಿಗೆ ಹಾಕಿದರೆ ಸಾಕು, ಸಂಜೆಯೊಳಗೆ ವಾಟ್ಸ್‌ಆ್ಯಪ್‌ಗೆ ಆ ಸಂದೇಶ ಬಂದೇ ಬರುತ್ತದೆ. ಐದು ದಿನ ಸೇಬಿನ ರಸ ಕುಡಿಯಿರಿ, ಆರನೆಯ ದಿನ ರಾತ್ರಿ ಊಟ ಬಿಡಿ, ಭೇದಿಗೆ ಕೊಡುವ ಎಪ್ಸಮ್ ಉಪ್ಪು ಕದಡಿ ಕುಡಿಯಿರಿ, ಮಲಗುವ ಮುನ್ನ ಅರ್ಧ ಲೋಟ ಆಲಿವ್ ಎಣ್ಣೆಗೆ ಅಷ್ಟೇ ನಿಂಬೆರಸ ಬೆರೆಸಿ ನುಂಗಿ. ಬೆಳಿಗ್ಗೆ ಕಲ್ಲು ಹೊರಗೆ. ಕೆಳಗೆ ಸಾಕ್ಷಿಗೆ ಒಂದು ಫೋಟೋ, ಅದರಲ್ಲಿ ಬಟ್ಟಲ ತುಂಬ ಹಸಿರು ಉಂಡೆಗಳು. ನನಗೆ ಇದು ಅತ್ತಿಗೆಯಿಂದ, ಸಹೋದ್ಯೋಗಿಗಳಿಂದ, ಕೊನೆಗೆ ಮಗಳ ಸಂಗೀತದ ಮೇಷ್ಟ್ರಿಂದಲೂ ಬಂದಿದೆ. ಕಳಿಸಿದವರೆಲ್ಲರೂ ಕಾಳಜಿಯಿಂದಲೇ ಕಳಿಸಿದ್ದಾರೆ. ಹಾಗಾಗಿ ಒಬ್ಬೊಬ್ಬರಿಗೂ ಕೈ ಮುಗಿಯುವ ಚಿತ್ರ ಕಳಿಸಿ ಸುಮ್ಮನಾಗುವ ಬದಲು ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ.

ಆ ಉಂಡೆಗಳು ಬೀಳುವುದು ಸುಳ್ಳಲ್ಲ. ಪಿತ್ತಕೋಶದಿಂದ ಬೀಳುತ್ತವೆ ಎನ್ನುವುದು ಸುಳ್ಳು. 2005ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ನ್ಯೂಜಿಲೆಂಡಿನ ಆಸ್ಪತ್ರೆಯೊಂದರಿಂದ ಒಂದು ಪುಟ್ಟ ಪತ್ರ ಪ್ರಕಟವಾಯಿತು. ನಲವತ್ತು ವರ್ಷದ ಮಹಿಳೆಯೊಬ್ಬರು 600 ಮಿಲಿಲೀಟರ್ ಆಲಿವ್ ಎಣ್ಣೆ, 300 ಮಿಲಿಲೀಟರ್ ನಿಂಬೆರಸ ಕುಡಿದು, ಮರುದಿನ ಬಿದ್ದ ಹಸಿರು ಉಂಡೆಗಳನ್ನು ಫ್ರೀಜರಿನಲ್ಲಿಟ್ಟು ವೈದ್ಯರಿಗೆ ತಂದು ಕೊಟ್ಟಿದ್ದರು. ಪ್ರಯೋಗಾಲಯದಲ್ಲಿ ನೋಡಿದರೆ ನಿಜವಾದ ಪಿತ್ತದ ಕಲ್ಲಿನಲ್ಲಿರುವ ಯಾವುದೂ ಅದರಲ್ಲಿಲ್ಲ: ಕೊಲೆಸ್ಟರಾಲ್ ಇಲ್ಲ, ಪಿತ್ತದ ಹಳದಿ ಬಣ್ಣವಾದ ಬಿಲಿರುಬಿನ್ ಇಲ್ಲ, ಕ್ಯಾಲ್ಸಿಯಂ ಇಲ್ಲ. ಮುಕ್ಕಾಲು ಪಾಲು ಕೊಬ್ಬಿನ ಆಮ್ಲ. ನಲವತ್ತು ಡಿಗ್ರಿ ಬಿಸಿಗೆ ಕರಗಿ ಹಸಿರು ಎಣ್ಣೆಯಾಯಿತು. ಕುಡಿದ ಎಣ್ಣೆ ಹೊಟ್ಟೆಯ ಕಿಣ್ವಗಳು ಮತ್ತು ನಿಂಬೆಯ ಪೊಟ್ಯಾಸಿಯಂ ಜೊತೆ ಸೇರಿ ಕರುಳಿನಲ್ಲೇ ಸಾಬೂನಾಗಿತ್ತು. ಆ ಮಹಿಳೆಯ ಕಲ್ಲುಗಳು ಇದ್ದಲ್ಲೇ ಇದ್ದವು. ಆಮೇಲೆ ಶಸ್ತ್ರಚಿಕಿತ್ಸೆ ಮಾಡಿ ತೆಗೆದರು.

ಇದರಲ್ಲಿ ನಷ್ಟ ಎಣ್ಣೆಯ ದುಡ್ಡಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಕೊಬ್ಬು ಕರುಳಿಗೆ ಇಳಿದ ಕೂಡಲೇ ಪಿತ್ತಕೋಶ ಹಿಂಡಿಕೊಳ್ಳುತ್ತದೆ, ಅದರ ಕೆಲಸವೇ ಅದು. ಯಕೃತ್ತು ತಯಾರಿಸುವ ಪಿತ್ತರಸವನ್ನು ಮೂವತ್ತರಿಂದ ಐವತ್ತು ಮಿಲಿಲೀಟರಿನಷ್ಟು ಹಿಡಿದಿಟ್ಟುಕೊಂಡು ಊಟದ ಹೊತ್ತಿಗೆ ಬಿಡುವ ಚೀಲ ಅದು. ಒಳಗೆ ಕಲ್ಲಿರುವಾಗ ಅರ್ಧ ಲೋಟ ಎಣ್ಣೆ ಕುಡಿದರೆ ಅದು ಬಲವಾಗಿ ಹಿಂಡಿ, ಸಣ್ಣದೊಂದು ಕಲ್ಲನ್ನು ನಾಳಕ್ಕೆ ತಳ್ಳಬಹುದು. ನಾಳದಲ್ಲಿ ಕಲ್ಲು ಸಿಕ್ಕಿಕೊಂಡರೆ ಕಾಮಾಲೆ. ಇನ್ನೂ ಕೆಳಗೆ ಸಿಕ್ಕಿಕೊಂಡರೆ ಮೇದೋಜೀರಕ ಗ್ರಂಥಿಯ ಉರಿಯೂತ, ಅಂದರೆ ಪ್ಯಾಂಕ್ರಿಯಟೈಟಿಸ್. ಅದು ಜೀವಕ್ಕೆ ಎರವಾಗುವ ಕಾಯಿಲೆ.

ಮಲೆನಾಡಿನವಳಾದ ನನಗೆ ಇದಕ್ಕಿಂತ ಹೆಚ್ಚು ಬಂದದ್ದು ಬಾಳೆದಿಂಡಿನ ರಸ, ಹುರುಳಿ ಕಟ್ಟು ಮತ್ತು ಕಾಡುಬಸಳೆ ಎಲೆಯ ಸಲಹೆ. "ಕೂಸೇ, ನಿಮ್ಮ ದೊಡ್ಡಪ್ಪನ ಕಲ್ಲು ಬಾಳೆದಿಂಡಿನಲ್ಲೇ ಹೋಯಿತು, ಹೊಟ್ಟೆಗೆ ಕತ್ತರಿ ಹಾಕಿಸಿಕೊಳ್ಳಬೇಡ" ಎಂದು ಚಿಕ್ಕಮ್ಮ ಪ್ರತಿ ಫೋನಿನಲ್ಲೂ ಹೇಳುತ್ತಾರೆ. ಹೋಗಿರಬಹುದು ಚಿಕ್ಕಮ್ಮ, ಆದರೆ ಅದು ಮೂತ್ರಪಿಂಡದ ಕಲ್ಲು. ಸಣ್ಣದಾಗಿದ್ದರೆ ನೀರು ಹೆಚ್ಚು ಕುಡಿದಾಗ ಮೂತ್ರದಲ್ಲಿ ಜಾರಿ ಹೋಗುತ್ತದೆ. ಬಾಳೆದಿಂಡಿನ ರಸ ಕುಡಿಯುವವರು ನೀರನ್ನೂ ಧಾರಾಳವಾಗಿ ಕುಡಿಯುತ್ತಾರೆ. ಪಿತ್ತಕೋಶಕ್ಕೂ ಮೂತ್ರನಾಳಕ್ಕೂ ಯಾವ ದಾರಿಯೂ ಇಲ್ಲ. ಎಷ್ಟು ನೀರು ಕುಡಿದರೂ ಈ ಕಲ್ಲು ತೊಳೆದು ಹೋಗುವುದಿಲ್ಲ. ಎರಡನ್ನೂ 'ಸ್ಟೋನ್' ಎಂದು ಕರೆದು ಒಂದೇ ಔಷಧಿ ಹೇಳುವುದು ನಮ್ಮ ಕಡೆ ಎಷ್ಟು ಸಲೀಸಾಗಿ ನಡೆಯುತ್ತದೆಂದರೆ, ಸ್ಕ್ಯಾನಿಂಗ್ ವರದಿಯನ್ನು ಕೈಯಲ್ಲಿ ಹಿಡಿದವರೂ ಯಾವುದರ ಕಲ್ಲು ಎಂದು ನೋಡುವುದಿಲ್ಲ.

ಇನ್ನು ಕಾಮಾಲೆಗೆ ಕೊಡುವ ನಾಟಿ ಔಷಧಿ. ನೆಲನೆಲ್ಲಿ ಅರೆದು ಹಾಲಿನಲ್ಲಿ ಕೊಟ್ಟು, ಉಪ್ಪು-ಎಣ್ಣೆ ಬಿಡಿಸಿ ಪಥ್ಯ ಹೇಳುವವರು ತಾಲ್ಲೂಕಿಗೆ ನಾಲ್ಕು ಜನ ಸಿಗುತ್ತಾರೆ. ಅವರಿಗೆ ಒಳ್ಳೆಯ ಹೆಸರು ಬಂದದ್ದಕ್ಕೆ ಕಾರಣವಿದೆ: ನೀರಿನಿಂದ ಬರುವ ಹೆಪಟೈಟಿಸ್ ಎ ಕಾಮಾಲೆ ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಪಿತ್ತನಾಳ ಕಟ್ಟಿಕೊಂಡು ಬಂದ ಕಾಮಾಲೆಯ ಕಥೆ ಹಾಗಲ್ಲ. ಕಣ್ಣು ಹಳದಿ, ಮೈ ತುರಿಕೆ, ಮಲ ಬಿಳಿಚಿ, ಜೊತೆಗೆ ಚಳಿಜ್ವರ ಬಂದರೆ ನಾಳದಲ್ಲಿ ಸೋಂಕು ಹತ್ತಿದೆ ಎಂದರ್ಥ. ಅಲ್ಲಿ ಪಥ್ಯ ಮಾಡುತ್ತಾ ಕಳೆಯುವ ಒಂದೊಂದು ದಿನವೂ ಅಪಾಯದ್ದೇ.

ಈಗ ಎರಡನೆಯ ತೊಂದರೆಗೆ, ಅಂದರೆ ಮುಟ್ಟು ನಿಲ್ಲುವ ಕಾಲದ ಏರುಪೇರಿಗೆ ಬರುತ್ತೇನೆ, ಏಕೆಂದರೆ ನನ್ನ ವಯಸ್ಸಿನ ಎಷ್ಟೋ ಹೆಂಗಸರಿಗೆ ಇವೆರಡೂ ಜೊತೆಯಾಗಿಯೇ ಬರುತ್ತವೆ. ಭಾರತದ ಹೆಂಗಸರಿಗೆ ಸರಾಸರಿ 46-47ರ ಸುಮಾರಿಗೆ ಮುಟ್ಟು ನಿಲ್ಲುತ್ತದೆ; ಅದಕ್ಕೆ ಕೆಲವು ವರ್ಷ ಮುಂಚೆಯೇ ಏರುಪೇರು ಶುರು. ಪೆರಿಮೆನೊಪಾಸ್ ಎನ್ನುವುದು ಇದನ್ನೇ. ನಡುರಾತ್ರಿ ಎದೆಯಿಂದ ಮುಖಕ್ಕೆ ಬಿಸಿ ಏರುವುದು, ಬೆವರು, ನಿದ್ದೆ ಹಾರುವುದು, ಮುಟ್ಟು ಒಮ್ಮೆ ಎರಡು ವಾರಕ್ಕೆ, ಇನ್ನೊಮ್ಮೆ ಎರಡು ತಿಂಗಳಿಗೆ. ಈಸ್ಟ್ರೋಜೆನ್ ಹಾರ್ಮೋನು ಪಿತ್ತರಸದಲ್ಲಿ ಕೊಲೆಸ್ಟರಾಲ್ ಹೆಚ್ಚಿಸುತ್ತದೆ, ಪ್ರೊಜೆಸ್ಟರಾನ್ ಪಿತ್ತಕೋಶವನ್ನು ಮಂದಗೊಳಿಸುತ್ತದೆ. ಬಸಿರು, ಗರ್ಭನಿರೋಧಕ ಮಾತ್ರೆ ಎಲ್ಲ ಸೇರಿ ಹೆಂಗಸರಲ್ಲಿ ಕಲ್ಲು ಹೆಚ್ಚು. ನಲವತ್ತು ದಾಟಿದ ಮೇಲೆ ಅದು ಮಾತಾಡತೊಡಗುತ್ತದೆ.

ನನ್ನ ತಕರಾರು ಇರುವುದು ಇಲ್ಲಿ. ಒಂದು ತೊಂದರೆಗೆ ಹೇಳುವ ಮನೆಮದ್ದು ಇನ್ನೊಂದಕ್ಕೆ ಒಗ್ಗುತ್ತದೆಯೇ ಎಂದು ಯಾರೂ ನೋಡುವುದಿಲ್ಲ. ಸೊಂಟದ ಸುತ್ತ ಬೊಜ್ಜು ಬಂತೆಂದು ಒಂದೇ ಹೊತ್ತಿನ ಊಟ, ವಾರಕ್ಕೆರಡು ಉಪವಾಸ ಮಾಡಿಸುತ್ತಾರೆ. ಊಟವಿಲ್ಲದ ಹೊತ್ತಿನಲ್ಲಿ ಪಿತ್ತಕೋಶ ಖಾಲಿಯಾಗದೆ ರಸ ಗಟ್ಟಿಯಾಗುತ್ತದೆ. ವಾರಕ್ಕೆ ಒಂದೂವರೆ ಕಿಲೋಗಿಂತ ವೇಗವಾಗಿ ತೂಕ ಇಳಿಸಿದರೆ ಹೊಸ ಕಲ್ಲು ಹುಟ್ಟುವ ಸಾಧ್ಯತೆ ಏರುತ್ತದೆ. ಸಂಧಿನೋವಿಗೆಂದು ಅರಿಶಿನದ ಸಾರದ ಕ್ಯಾಪ್ಸೂಲ್ ಕೊಡುತ್ತಾರೆ. ಅದರಲ್ಲಿರುವ ಕರ್ಕ್ಯುಮಿನ್ ಪಿತ್ತಕೋಶವನ್ನು ಹಿಂಡಿಸುತ್ತದೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನದ ಮಾತಲ್ಲ ಇದು, ಅದನ್ನು ಬಿಡಬೇಕಿಲ್ಲ.

ಅಶ್ವಗಂಧದ ವಿಚಾರ ಇನ್ನೂ ಸೂಕ್ಷ್ಮ. ನಿದ್ದೆಗೆ, ಉದ್ವೇಗಕ್ಕೆ ಅದು ಸ್ವಲ್ಪ ಸಹಾಯ ಮಾಡಬಹುದು ಎನ್ನುವ ಸಣ್ಣ ಅಧ್ಯಯನಗಳಿವೆ, ಅಲ್ಲಗಳೆಯುವುದಿಲ್ಲ. ಆದರೆ ಕೆಲವರಲ್ಲಿ ಅದು ಯಕೃತ್ತಿಗೆ ಏಟು ಕೊಟ್ಟ ವರದಿಗಳೂ ಇವೆ. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು, ಅದು ಮುಖ್ಯವಾಗಿ ಹಾರ್ಮೋನುಗಳ ಮೇಲಿನ ಪರಿಣಾಮದ ಭಯದಿಂದ. ಯಕೃತ್ತಿಗೆ ಬಿದ್ದ ಏಟಿನ ಲಕ್ಷಣ ತುರಿಕೆ ಮತ್ತು ಕಾಮಾಲೆ. ಕಲ್ಲಿರುವ ಹೆಂಗಸಿಗೆ ಅಶ್ವಗಂಧ ತಿನ್ನುವಾಗ ಕಣ್ಣು ಹಳದಿಯಾದರೆ ಅದು ಕಲ್ಲಿನದೋ ಬೇರಿನದೋ ಎಂದು ವೈದ್ಯರು ಹುಡುಕಬೇಕಾಗುತ್ತದೆ. "ಗಿಡಮೂಲಿಕೆ ಅಲ್ಲವೇ, ಅದನ್ನೇನು ಹೇಳುವುದು" ಎಂದು ಬಹಳ ಹೆಂಗಸರು ವೈದ್ಯರ ಮುಂದೆ ಬಾಯಿಯನ್ನೂ ಬಿಡುವುದಿಲ್ಲ.

ಇಂಗ್ಲಿಷ್ ಔಷಧಿಯವರೂ ಈ ವಿಷಯದಲ್ಲಿ ಸಾಚಾ ಅಲ್ಲ. ಹೊಟ್ಟೆಯ ಡಾಕ್ಟರು ಮುಟ್ಟಿನ ಬಗ್ಗೆ ಕೇಳುವುದಿಲ್ಲ, ಹೆಂಗಸರ ಡಾಕ್ಟರು ಹೊಟ್ಟೆಯ ಸ್ಕ್ಯಾನಿಂಗ್ ಬಿಡಿಸಿ ನೋಡುವುದಿಲ್ಲ. ಮುಟ್ಟು ನಿಲ್ಲುವ ಕಾಲದ ತೊಂದರೆಗೆ ಕೊಡುವ ಹಾರ್ಮೋನು ಚಿಕಿತ್ಸೆಯನ್ನು ಮಾತ್ರೆಯಾಗಿ ನುಂಗಿದರೆ ಪಿತ್ತಕೋಶದ ತೊಂದರೆ ಹೆಚ್ಚುತ್ತದೆ. ಚರ್ಮಕ್ಕೆ ಹಚ್ಚುವ ಜೆಲ್ ಅಥವಾ ಪಟ್ಟಿ ನೇರವಾಗಿ ಯಕೃತ್ತಿಗೆ ಹೋಗದ ಕಾರಣ ಆ ಅಪಾಯ ಕಡಿಮೆ. ನನಗೆ ಕಲ್ಲಿದೆ ಎಂದು ನಾನೇ ಬಾಯಿಬಿಟ್ಟು ಹೇಳಿದ ಮೇಲೆಯೇ ಮಾತ್ರೆಯ ಚೀಟಿ ಜೆಲ್ಲಿನ ಚೀಟಿಯಾಯಿತು. ಕಲ್ಲು ಕರಗಿಸುವ ಮಾತ್ರೆಯನ್ನೂ ಕೇಳಿದೆ. ಅದು ಸಣ್ಣ ಕೊಲೆಸ್ಟರಾಲ್ ಕಲ್ಲಿಗೆ ಮಾತ್ರ, ತಿಂಗಳುಗಟ್ಟಲೆ ನುಂಗಬೇಕು, ನಿಲ್ಲಿಸಿದರೆ ಐದು ವರ್ಷದಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮರಳಿ ಬರುತ್ತದೆ. ದಕ್ಷಿಣ ಭಾರತದಲ್ಲಿ ಬಿಲಿರುಬಿನ್ನಿನ ಕಪ್ಪು ಕಲ್ಲುಗಳೂ ಸಾಕಷ್ಟಿವೆ. ಅವು ಅದಕ್ಕೆ ಜಗ್ಗುವುದಿಲ್ಲ.

ಹಾಗಾದರೆ ಅಡುಗೆಮನೆಯಿಂದ ಏನೂ ಆಗುವುದಿಲ್ಲವೇ? ಆಗುತ್ತದೆ, ಆದರೆ ಊಟವಾಗಿ. ಮೂರು ಹೊತ್ತೂ ಸಮಯಕ್ಕೆ ಸರಿಯಾಗಿ, ಕರಿದದ್ದು ಕಡಿಮೆ, ಸೊಪ್ಪು, ಕಾಳು, ನಾರು ಹೆಚ್ಚು. ರಾಗಿ ಮತ್ತು ಎಳ್ಳಿನಲ್ಲಿ ಕ್ಯಾಲ್ಸಿಯಂ ಇದೆ, ಈ ವಯಸ್ಸಿನ ಮೂಳೆಗೆ ಅದು ಬೇಕೇ ಬೇಕು. ಅಗಸೆ ಬೀಜ ತಿಂದರೆ ಹಾಟ್ ಫ್ಲಶ್, ಅಂದರೆ ಈ ಬಿಸಿ ಏರುವುದು, ನಿಲ್ಲುತ್ತದೆಯೇ ಎಂದು ಅಮೆರಿಕದಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಅಗಸೆ ತಿಂದವರಲ್ಲೂ ಅಗಸೆಯಿಲ್ಲದ ಹುಸಿ ತಿಂಡಿ ತಿಂದವರಲ್ಲೂ ಸುಮಾರು ಮೂರರಲ್ಲಿ ಒಬ್ಬರಿಗೆ ಅರ್ಧದಷ್ಟು ಕಡಿಮೆಯಾಯಿತು. ಹಾಗೆಂದು ರೊಟ್ಟಿಗೆ ಅಗಸೆ ಚಟ್ನಿಪುಡಿ ಬಿಡಬೇಡಿ, ರುಚಿಗಾಗಿಯಾದರೂ ತಿನ್ನಿ. ನಾನು ಲಾವಂಚದ ಬೇರು ಹಾಕಿದ ನೀರು ಕುಡಿಯುತ್ತೇನೆ, ಒಂದೆಲಗದ ತಂಬುಳಿ ಮಾಡಿಕೊಳ್ಳುತ್ತೇನೆ. ಬಿಸಿ ಏರುವುದು ನಿಂತಿಲ್ಲ, ಮಧ್ಯಾಹ್ನದ ಊಟ ಮಾತ್ರ ಹಿತವಾಗಿದೆ.

ಕಾಫಿಯದು ತಮಾಷೆ. ದಿನವೂ ಕಾಫಿ ಕುಡಿಯುವವರಲ್ಲಿ ಪಿತ್ತಕೋಶದ ಕಲ್ಲು ಕಡಿಮೆ ಎಂದು ದೊಡ್ಡ ಸಮೀಕ್ಷೆಗಳು ಹೇಳುತ್ತವೆ. ನಿದ್ದೆಗೆ ಅದೇ ಕಾಫಿ ಶತ್ರು. ಬೆಳಗಿನ ಫಿಲ್ಟರ್ ಕಾಫಿ ಉಳಿಸಿಕೊಂಡಿದ್ದೇನೆ, ಸಂಜೆಯದನ್ನು ಬಿಟ್ಟಿದ್ದೇನೆ.

ಸುಮ್ಮನಿರುವ ಕಲ್ಲನ್ನು ಸುಮ್ಮನೆ ಬಿಡಬಹುದು, ಹೆಚ್ಚಿನವರಿಗೆ ಅದು ಎಂದೂ ತೊಂದರೆ ಕೊಡುವುದಿಲ್ಲ. ನನ್ನದು ಸುಮ್ಮನಿಲ್ಲ. ಊಟವಾದ ಮೇಲೆ ಬಲಪಕ್ಕೆಯ ಕೆಳಗೆ ಹಿಡಿದು ಬೆನ್ನಿಗೆ, ಭುಜದ ಹಲಗೆಗೆ ಹಬ್ಬುವ ನೋವು ಮತ್ತೆ ಮತ್ತೆ ಬಂದಿದೆ. ಅದನ್ನು ಗ್ಯಾಸ್ ಎಂದು ಜೀರಿಗೆ ಕಷಾಯದಲ್ಲಿ ಮುಗಿಸಲಾಗುವುದಿಲ್ಲ. ಮಗಳ ಪರೀಕ್ಷೆ ಮುಗಿದ ಮೇಲೆ ಲ್ಯಾಪರೊಸ್ಕೋಪಿಗೆ, ಅಂದರೆ ಸಣ್ಣ ರಂಧ್ರಗಳಿಂದ ಪಿತ್ತಕೋಶ ತೆಗೆಯುವ ಶಸ್ತ್ರಚಿಕಿತ್ಸೆಗೆ, ದಿನ ಗೊತ್ತಾಗಿದೆ. ಪಿತ್ತಕೋಶ ತೆಗೆದರೆ ಜನ್ಮವಿಡೀ ತುಪ್ಪ ಮುಟ್ಟುವಂತಿಲ್ಲ ಎನ್ನುವುದೂ ಕಟ್ಟುಕಥೆಯೇ. ಪಿತ್ತರಸ ಮಾಡುವುದು ಯಕೃತ್ತು, ಅದು ಆಮೇಲೆ ನೇರವಾಗಿ ಕರುಳಿಗೆ ಇಳಿಯುತ್ತಿರುತ್ತದೆ. ಕೆಲವರಿಗೆ ಸ್ವಲ್ಪ ಕಾಲ ಭೇದಿಯಾಗುತ್ತದೆ, ಬಹುತೇಕರು ಕೆಲವು ವಾರಗಳಲ್ಲಿ ಮಾಮೂಲಿ ಊಟಕ್ಕೆ ಮರಳುತ್ತಾರೆ. ಚಿಕ್ಕಮ್ಮನಿಗೆ ಇನ್ನೂ ಹೇಳಿಲ್ಲ. ಹೇಳಿದ ದಿನವೇ ಬಾಳೆದಿಂಡಿನ ಚೀಲದೊಂದಿಗೆ ಬಸ್ಸು ಹತ್ತುತ್ತಾರೆ. ಬರಲಿ, ಆಸ್ಪತ್ರೆಯಿಂದ ಬಂದ ಮೇಲೆ ಪಲ್ಯ ಮಾಡಲು ಒಬ್ಬರು ಬೇಕೇ ಬೇಕು.